ಬರೀ ಮೊಬೈಲು

ಆ ಹುಡುಗ ಮೊದಲು ಹೇಳಿದ್ದು ತನ್ನ ಹೆಸರಲ್ಲ. "ನನ್ನ ಕಡೆ ಬರೇ ಮೊಬೈಲ್ ಅದರಿ" ಅಂದ. ಆಮೇಲೆ ಹೆಸರು, ಆಮೇಲೆ ಊರು. ಕೊನೆಗೆ "ನನಗೇನೂ ಬರೂದಿಲ್ರಿ, ಸುಮ್ನ ನೋಡಾಕ ಬಂದೀನಿ" ಅಂತ ಸೇರಿಸಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಕಳೆದ ನವೆಂಬರಿನ ಒಂದು ಭಾನುವಾರ ಅದು. ಬೆಳಗಿನ ಐದೂಮುಕ್ಕಾಲು. ದಾದರ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಹೂವಿನ ಮಾರ್ಕೆಟ್ಟು ಸಿಗುತ್ತದಲ್ಲ, ಅಲ್ಲಿ ಸೇತುವೆಯ ಬುಡದಲ್ಲಿ ನಮ್ಮ ಗುಂಪು ಸೇರಿತ್ತು. ನಾವು ಹದಿನೈದಿಪ್ಪತ್ತು ಜನ ಕನ್ನಡದವರು. ಡೊಂಬಿವಲಿ, ಮುಲುಂಡ್, ಭಾಂಡುಪ್, ಗೋರೆಗಾಂವ್, ಮೀರಾ ರೋಡ್, ಹೀಗೆ ಒಬ್ಬೊಬ್ಬರು ಒಂದೊಂದು ಕಡೆಯವರು. ತಿಂಗಳಲ್ಲಿ ಎರಡು ಭಾನುವಾರ ಕ್ಯಾಮೆರಾ ಹಿಡಿದು ಎಲ್ಲಾದರೂ ಸುತ್ತುತ್ತೇವೆ. ಹೊಸಬರು ಬಂದ ದಿನ ಗುಂಡಗೆ ನಿಂತು ಪರಿಚಯ ಹೇಳಿಕೊಳ್ಳೋದು ಮೊದಲಿನಿಂದ ಬಂದ ರೂಢಿ. ಹೂವಿನ ಗೋಣಿ ಹೊತ್ತವರು "ಬಾಜೂಲಾ, ಬಾಜೂಲಾ" ಅಂತ ಕೂಗುತ್ತಾ ನಮ್ಮ ನಡುವೆಯೇ ನುಗ್ಗುತ್ತಿದ್ದರು. ಅದರ ಮಧ್ಯೆ ನಮ್ಮ ಪರಿಚಯ.

ಅವತ್ತು ಮೂರು ಜನ ಹೊಸಬರು. ಮೊದಲನೆಯವರು ಪೊವಾಯಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವರು. ಹೆಸರಿನ ಜೊತೆಗೇ ಕ್ಯಾಮೆರಾದ ಮಾಡೆಲ್ಲು, ಎರಡು ಲೆನ್ಸಿನ ನಂಬರು ಹೇಳಿದರು. ಎರಡನೆಯವರು ನನ್ನ ವಯಸ್ಸಿನ ಹೆಂಗಸು. "ಫೋಟೋ ತೆಗೆಯೋದು ನಮ್ಮ ಯಜಮಾನರು, ನಾನು ಸುಮ್ನೆ ಜೊತೆಗೆ ಬಂದಿದ್ದು" ಅಂದರು. ಮೂರನೆಯವನು ಈ ಹುಡುಗ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಖಾರ್‌ಘರ್‌ನಲ್ಲಿ ಕಟ್ಟುತ್ತಿರುವ ಬಿಲ್ಡಿಂಗುಗಳಲ್ಲಿ ಟೈಲ್ಸ್ ಹಾಕುವ ಕೆಲಸ. ನಸುಕಿನಲ್ಲೇ ಹಾರ್ಬರ್ ಲೈನಿನ ಗಾಡಿ ಹತ್ತಿ, ಕುರ್ಲಾದಲ್ಲಿ ಬದಲಿಸಿ ಬಂದಿದ್ದ.

ನಮ್ಮಲ್ಲೊಬ್ಬರು ಅವನ ಹೆಗಲು ತಟ್ಟಿ, "ಪರವಾಗಿಲ್ಲ ತಮ್ಮ, ಈಗ ಮೊಬೈಲಲ್ಲೇ ಕಲಿ. ಮುಂದೆ ಒಳ್ಳೆ ಕ್ಯಾಮೆರಾ ತಗೊಂಡರಾಯ್ತು" ಅಂದರು. ಪ್ರೀತಿಯಿಂದಲೇ ಹೇಳಿದ ಮಾತು. ಎಲ್ಲರೂ ನಕ್ಕೆವು, ನಾನೂ ನಕ್ಕೆ. ಹುಡುಗನೂ ನಕ್ಕ. ಆಮೇಲೆ ಮಾರ್ಕೆಟ್ಟಿನೊಳಗೆ ಹರಡಿಕೊಂಡೆವು.

ಹೂವಿನ ಮಾರ್ಕೆಟ್ಟು ನೋಡೋಕೆ ಎಷ್ಟು ಚಂದವೋ ಫೋಟೋಕ್ಕೆ ಅಷ್ಟೇ ಕಷ್ಟ. ಹಳದಿ ಬಲ್ಬಿನ ಕೆಳಗೆ ಹಳದಿ ಚೆಂಡುಹೂವಿನ ರಾಶಿ. ಹಾಗೇ ಒತ್ತಿದರೆ ಎಸಳೆಲ್ಲ ಕಲಸಿ ಒಂದೇ ಮುದ್ದೆಯಾಗಿ ಬರುತ್ತದೆ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದೊಳಗೆ ಹೋಗುವ ಬೆಳಕು, ಒಂದು ಹಂತ ಕಮ್ಮಿ ಮಾಡಿದರೆ ಎಸಳಿನ ಅಂಚು ಬಿಡಿಸಿಕೊಳ್ಳುತ್ತದೆ. ಇದನ್ನು ನಾನು ಆ ಪೊವಾಯಿಯವರಿಗೆ ಹೇಳಿಕೊಟ್ಟೆ. ಹುಡುಗ ಹಿಂದೆ ಎಲ್ಲೋ ಇದ್ದ. ಅವನಿಗೆ ಹೇಳಬೇಕು ಅಂತ ಹೊಳೆಯಲಿಲ್ಲ. ಮೊಬೈಲಿನಲ್ಲೂ ಪರದೆ ಮುಟ್ಟಿ ಬೆರಳು ಕೆಳಗೆ ಎಳೆದರೆ ಅದೇ ಆಗುತ್ತದೆ, ಅಲ್ವಾ? ಆದರೂ ಹೊಳೆಯಲಿಲ್ಲ.

ಎಂಟು ಗಂಟೆಗೆ ಹತ್ತಿರದ ಹೋಟೆಲಿನಲ್ಲಿ ಎರಡು ಟೇಬಲ್ ಜೋಡಿಸಿ ಕೂತೆವು. ಇಡ್ಲಿ, ಉಪ್ಪಿಟ್ಟು, ಚಹಾ. ಪೊವಾಯಿಯವರ ಕ್ಯಾಮೆರಾ ಕೈಯಿಂದ ಕೈಗೆ ಹೋಗುತ್ತಿತ್ತು. ಎಲ್ಲರೂ ಅದರ ಹಿಂಬದಿಯ ಪರದೆ ನೋಡಿ ಒಂದೊಂದು ಮಾತು ಹೇಳಿದರು. ಹುಡುಗನ ಮೊಬೈಲು ಅವನ ಉಪ್ಪಿಟ್ಟಿನ ತಟ್ಟೆಯ ಪಕ್ಕ ಮಕಾಡೆ ಮಲಗಿತ್ತು. ಹಿಂದಿನ ಕವರಿನ ಮೂಲೆಯಲ್ಲಿ ಒಣಗಿದ ಬಿಳಿ ಸಿಮೆಂಟಿನ ಚುಕ್ಕೆ. ಅದು ನನ್ನ ಕಣ್ಣೆದುರೇ ಇತ್ತು. ಅವನು ಉಪ್ಪಿಟ್ಟು ಮುಗಿಸಿದ, ಕೈ ತೊಳೆದು ಬಂದ, "ಹೊಂಟೆನ್ರಿ, ಕೆಲಸ ಅದ" ಅಂದ, ಹೋದ. ಅವನ ಒಂದು ಫೋಟೋವನ್ನೂ ನಾವ್ಯಾರೂ ನೋಡಲಿಲ್ಲ.

ಮನೆಗೆ ಹೋಗುವಾಗ ಡೊಂಬಿವಲಿ ಲೋಕಲಿನಲ್ಲಿ ಕೂತು ನೆನಪಾಯಿತು. ಅಷ್ಟರಲ್ಲಿ ತಡವಾಗಿತ್ತು.

ಬರೀ, ಸುಮ್ನೆ, ಏನೋ ಒಂದು

ಹನ್ನೆರಡು ವರ್ಷದ ಮೇಲಾಯಿತು ನಾನು ಈ ಗುಂಪಿಗೆ ಬಂದು. ಎಷ್ಟು ಜನ ಹೊಸಬರ ಪರಿಚಯ ಕೇಳಿದ್ದೇನೋ ಲೆಕ್ಕವಿಲ್ಲ. ಆ ದಾದರಿನ ಬೆಳಗಾದ ಮೇಲೆ ಹಿಂದೆ ಕೇಳಿದ್ದನ್ನೆಲ್ಲ ನೆನಪಿಸಿಕೊಳ್ಳಲು ಶುರು ಮಾಡಿದೆ. "ಬರೀ ಕಿಟ್ ಲೆನ್ಸು, ಕ್ಯಾಮೆರಾ ಜೊತೆಗೇ ಬಂದದ್ದು." "ಹಳೇ ಕ್ಯಾಮೆರಾ, ತಮ್ಮಂದು." "ಏನೋ ಒಂದು ಹುಚ್ಚು." "ಆಟೋ ಮೋಡಿನಲ್ಲೇ ತೆಗೆಯೋದು, ಬೈಬೇಡಿ." "ನಿಮ್ಮೆಲ್ಲರ ಮುಂದೆ ನಾನೇನೂ ಅಲ್ಲ." ಬ್ಯಾಂಕಿನಲ್ಲಿ ಮೂವತ್ತು ಜನರ ಮೇಲಿದ್ದ ಅಧಿಕಾರಿಯೂ ಹೀಗೇ ಹೇಳಿದರು, ಹೈಸ್ಕೂಲು ಟೀಚರೂ ಹೀಗೇ ಹೇಳಿದರು. ಬೇರೆ ಯಾವ ಕೂಟದಲ್ಲೂ ನಮ್ಮ ಜನ ಇಷ್ಟು ಕುಗ್ಗಿ ಮಾತಾಡೋದು ನಾನು ನೋಡಿಲ್ಲ. ಭಜನಾ ಮಂಡಳಿಗೆ ಸೇರಲು ಬಂದವರು "ನನ್ನ ಹತ್ರ ಬರೀ ಗಂಟಲು ಇದೆ" ಅನ್ನುವುದಿಲ್ಲ.

ಇದನ್ನು ವಿನಯ ಅಂದುಬಿಡುವುದು ಸುಲಭ. ವಿನಯ ಇದೆ, ಇಲ್ಲ ಅನ್ನಲ್ಲ. ಆದರೆ ಎದುರಿಗಿರುವವರು ಏನು ಕೇಳಬಹುದು ಅಂತ ಊಹಿಸಿ, ಅವರು ಕೇಳುವ ಮೊದಲೇ ಉತ್ತರ ಕೊಡುವುದು ಅದಕ್ಕಿಂತ ಜಾಸ್ತಿ ಇದೆ. ಆ ಪ್ರಶ್ನೆ ನಾವೇ ಹುಟ್ಟಿಸಿದ್ದು. "ಕ್ಯಾಮೆರಾ ಯಾವುದು?"

ಈ ಪ್ರಶ್ನೆಯನ್ನು ಪೂರ್ತಿ ತಳ್ಳಿಹಾಕಲೂ ಮನಸ್ಸಿಲ್ಲ. ಅದಕ್ಕೊಂದು ಕಾರಣ ಇತ್ತು. ಒಂದು ಕಂಪನಿಯ ಲೆನ್ಸು ಇನ್ನೊಂದರ ಕ್ಯಾಮೆರಾಕ್ಕೆ ನೇರವಾಗಿ ಕೂರುವುದಿಲ್ಲ. ಕ್ಯಾನನ್ನವರು ಕ್ಯಾನನ್ನವರ ಪಕ್ಕ ನಿಂತರೆ ಒಂದು ಲೆನ್ಸನ್ನು ಇಬ್ಬರು ಬಳಸಬಹುದು. ನಿಕಾನಿನವರು ನಿಕಾನಿನವರಿಗೆ ಬ್ಯಾಟರಿ ಕೊಡಬಹುದು. ರೋಲಿನ ಕಾಲದಲ್ಲಂತೂ ಆ ಪ್ರಶ್ನೆ ಇನ್ನೂ ದೊಡ್ಡದು. ನನ್ನ ಅಪ್ಪನ ಹತ್ತಿರ ಆಗ್ಫಾ ಕ್ಲಿಕ್ ಥ್ರೀ ಇತ್ತು, ಬರೋಡಾದಲ್ಲಿ ತಯಾರಾಗುತ್ತಿದ್ದ ಕ್ಯಾಮೆರಾ. ಅದಕ್ಕೆ 120 ನಂಬರಿನ ರೋಲು, ಒಂದು ರೋಲಿಗೆ ಹನ್ನೆರಡೇ ಚೌಕ ಫೋಟೋ. ಯಾಶಿಕಾ ಇದ್ದವರ ರೋಲಿನಲ್ಲಿ ಮೂವತ್ತಾರು. ಹಬ್ಬದ ದಿನ ಕುಮಟೆಯ ನಮ್ಮ ಮನೆಯ ಅಂಗಳದಲ್ಲಿ ಅಪ್ಪ ಎಲ್ಲರನ್ನೂ ನಿಲ್ಲಿಸಿ, "ಅಲ್ಲಾಡ್ಬೇಡಿ, ಇನ್ನು ಎರಡೇ ಉಳಿದದ್ದು" ಅನ್ನುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಯಾವ ಕ್ಯಾಮೆರಾ ಅಂತ ತಿಳಿದರೆ ಎಷ್ಟು ಫೋಟೋ, ಎಷ್ಟು ಖರ್ಚು ಎಲ್ಲ ತಿಳಿಯುತ್ತಿತ್ತು.

ಅದಕ್ಕೂ ಹಿಂದೆ ಹೋದರೆ, ಫೋಟೋ ತೆಗೆಯುವವರು ಒಟ್ಟಿಗೆ ಸೇರುವುದು ಈ ಊರಿಗೆ ಬಹಳ ಹಳೆಯ ಸಂಗತಿ. 1854ರಲ್ಲೇ ಇಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಆಫ್ ಬಾಂಬೆ ಶುರುವಾಗಿತ್ತು. ಫೋಟೋ ಅನ್ನುವುದು ಲೋಕಕ್ಕೆ ಗೊತ್ತಾಗಿ ಆಗಿನ್ನೂ ಹದಿನೈದೇ ವರ್ಷ. ಬ್ರಿಟಿಷರ ಜೊತೆ ಇಲ್ಲಿನವರೂ ಅದರಲ್ಲಿದ್ದರು. ಡಾಕ್ಟರ್ ಭಾವು ದಾಜಿಯವರ ತಮ್ಮ ನಾರಾಯಣ ದಾಜಿ ಅವರಲ್ಲೊಬ್ಬರು. ಆಗ ಎಲ್ಲರೂ ಹೊಸಬರೇ. ಗಾಜಿನ ಪ್ಲೇಟು, ರಾಸಾಯನಿಕದ ಬಾಟಲಿ, ಮರದ ಪೆಟ್ಟಿಗೆ, ಎಲ್ಲ ಹೊರಲು ಆಳು ಬೇಕಾದ ಕಾಲ. ಯಾರ ಹತ್ತಿರ ಸಾಮಾನು ಇದೆಯೋ ಅವರೇ ಫೋಟೋಗ್ರಾಫರು. ಈಗ ಹಾಗಿಲ್ಲ. ವಿರಾರ್ ಲೋಕಲಿನ ಒಂದು ಡಬ್ಬಿಯಲ್ಲಿ ಎಷ್ಟು ಜನ ಇದ್ದಾರೋ ಹೆಚ್ಚುಕಮ್ಮಿ ಅಷ್ಟೇ ಕ್ಯಾಮೆರಾ ಇವೆ. ಸಾಮಾನು ಬದಲಾಯಿತು, ಪ್ರಶ್ನೆ ಮಾತ್ರ ಅಲ್ಲೇ ಉಳಿಯಿತು. ಈಗ ಅದರಿಂದ ತಿಳಿಯುವುದು ಒಂದೇ, ಎದುರಿಗಿರುವವರು ಎಷ್ಟು ದುಡ್ಡು ಹಾಕಿದ್ದಾರೆ ಅಂತ.

ಊರಲ್ಲಿ ಎಲ್ಲಿ?

ಮುಂಬಯಿಯಲ್ಲಿ ಇಬ್ಬರು ಕನ್ನಡದವರು ಸಿಕ್ಕರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಮಾಟುಂಗದ ಹೋಟೆಲಿನ ಸಾಲಿನಲ್ಲಿ ನಿಂತಾಗಲೋ, ಲೇಡಿಸ್ ಡಬ್ಬಿಯಲ್ಲಿ ಫೋನಿನ ಮಾತು ಕಿವಿಗೆ ಬಿದ್ದಾಗಲೋ, "ಕನ್ನಡದವರಾ?" ಅಂತ ಶುರು. ತಕ್ಷಣ "ಊರು ಯಾವುದು?" ಕುಮಟಾ ಅಂದರೆ ಬಿಡುವುದಿಲ್ಲ. "ಕುಮಟದಲ್ಲಿ ಎಲ್ಲಿ?" ಪೇಟೆಯಿಂದ ಮೂರು ಮೈಲಿ ಅಂದರೂ ಬಿಡುವುದಿಲ್ಲ. "ಹೊಳೆ ಈಚೆಗಾ ಆಚೆಗಾ? ಆ ದೊಡ್ಡ ಹಲಸಿನ ಮರದ ಮನೆ ಗೊತ್ತಾ?" ಹೀಗೆ ಕೇಳುತ್ತಾ ಕೇಳುತ್ತಾ, ನಮ್ಮ ದೊಡ್ಡಮ್ಮನ ಮನೆಯ ಪಕ್ಕದಲ್ಲೇ ಅವರ ಅತ್ತಿಗೆಯ ತವರು ಅನ್ನುವಲ್ಲಿಗೆ ಮುಟ್ಟಿಸಿಯೇ ನಿಲ್ಲುವುದು. ಅಷ್ಟರಲ್ಲಿ ಗಾಡಿ ಠಾಣೆ ಊರು ಮುಟ್ಟಿರುತ್ತದೆ.

ಈ ಪ್ರಶ್ನೆಯ ಹಿಂದೆ ಜಾತಿ ತಿಳಿದುಕೊಳ್ಳುವ ಆಸೆಯೂ ಅಡಗಿರುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಅದು ನನಗೆ ಬೇಜಾರಿನ ವಿಷಯ. ಆದರೆ ಆ ಬಿಡದೆ ಕೇಳುವ ಗುಣ ಇದೆಯಲ್ಲ, ಅದು ನನಗೆ ಇಷ್ಟ. ನಾನು ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಬಗ್ಗೆ ಹೇಳಿಕೊಳ್ಳಲು ನನಗೇ ಏನೂ ತೋಚುತ್ತಿರಲಿಲ್ಲ. ಕೇಳುವವರು ಕೇಳಿ ಕೇಳಿ ನನ್ನನ್ನು ಹೊರಗೆ ತೆಗೆದರು. ಪರಿಚಯದ ಭಾರವನ್ನು ಹೊಸಬರ ಮೇಲೆ ಬಿಡದೆ ತಾವೇ ಹೊತ್ತುಕೊಂಡರು. ಕ್ಯಾಮೆರಾದ ಪ್ರಶ್ನೆಯಲ್ಲಿ ಇದು ಇಲ್ಲ. "ಕ್ಯಾಮೆರಾ ಯಾವುದು?" "ಮೊಬೈಲು." "ಹೂಂ." ಮುಗಿಯಿತು. "ಮೊಬೈಲಲ್ಲಿ ಏನು ತೆಗೀತೀರಿ? ಯಾವ ಹೊತ್ತಲ್ಲಿ? ಯಾರಿಗೆ ತೋರಿಸ್ತೀರಿ?" ಅಂತ ಹಲಸಿನ ಮರದವರೆಗೆ ಯಾರೂ ಹೋಗುವುದಿಲ್ಲ.

ಶಿವ್ಡಿಯ ಬೆನ್ನುಗಳು

ನನಗೆ ಮಾತ್ರ ಹಾಗೆ ಹೋದವರೊಬ್ಬರು ಸಿಕ್ಕಿದ್ದರು.

2012ರ ಜನವರಿ. ಗುಂಪಿನ ಜೊತೆ ನನ್ನ ಮೊದಲ ದಿನ. ಶಿವ್ಡಿಯ ಜೆಟ್ಟಿ. ಈಗ ಅಟಲ್ ಸೇತು ಶುರುವಾಗುವುದು ಅಲ್ಲಿಂದಲೇ, ಆಗ ಬರೀ ಕೆಸರು, ಕಾಂಡ್ಲಾ ಗಿಡ, ರಿಪೇರಿಗೆ ಬಂದ ಹಳೇ ದೋಣಿಗಳು. ಚಳಿಗಾಲಕ್ಕೆ ಬರುವ ಫ್ಲೆಮಿಂಗೊಗಳನ್ನು ನೋಡಲು ಹೋಗಿದ್ದೆವು. ಶಿವ್ಡಿಗೆ ಹೋಗುವವರು ಗಡಿಯಾರ ನೋಡುವ ಮೊದಲು ಸಮುದ್ರದ ಉಬ್ಬರ ಇಳಿತದ ವೇಳೆ ನೋಡಬೇಕು. ನೀರು ಪೂರ್ತಿ ಇಳಿದಾಗ ಹಕ್ಕಿಗಳು ದೂರದಲ್ಲಿ ಒಂದು ಗುಲಾಬಿ ಗೆರೆಯ ಹಾಗೆ ಕಾಣುತ್ತವೆ, ಅಷ್ಟೇ. ನೀರು ಏರುತ್ತಾ ಬಂದ ಹಾಗೆ ಕೆಸರು ಕಿರಿದಾಗುತ್ತದೆ, ಅವು ಕೊಕ್ಕು ತಲೆಕೆಳಗೆ ಮಾಡಿ ಸೋಸುತ್ತಾ ಸೋಸುತ್ತಾ ದಡದ ಕಡೆ ಸರಿಯುತ್ತವೆ. ಪೂರ್ತಿ ತುಂಬಿದರೆ ಎದ್ದು ಹಾರಿಹೋಗುತ್ತವೆ. ನಡುವೆ ಸಿಗುವ ಆ ಒಂದೆರಡು ಗಂಟೆಗೆ ಎಲ್ಲರೂ ಕಾಯುವುದು.

ನನ್ನ ಹತ್ತಿರ ದೀಪಾವಳಿ ಬೋನಸ್ಸಿನಲ್ಲಿ ತಗೊಂಡ ಅಂಗೈಯಷ್ಟು ಕ್ಯಾಮೆರಾ. ಪರಿಚಯ ಹೇಳುವಾಗ ನಾನೂ "ಬರೀ ಸಣ್ಣ ಕ್ಯಾಮೆರಾ" ಅಂದೆ. ಅದರಲ್ಲಿ ಫ್ಲೆಮಿಂಗೊ ಅಕ್ಕಿಕಾಳಿನಷ್ಟು ಕಾಣುತ್ತಿತ್ತು. ನಾಲ್ಕೈದು ಫೋಟೋ ತೆಗೆದು ಸುಮ್ಮನಾದೆ. ಆಮೇಲೆ ಏನು ಮಾಡಿದೆ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಗುಂಪಿನಲ್ಲಿ ಆಗ ಒಬ್ಬರು ಹಿರಿಯರಿದ್ದರು. ಕಾರ್ಕಳ ಕಡೆಯವರು. ಫೋರ್ಟಿನ ಕಡೆ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿದವರು. ಎಲ್ಲರೂ ಮಾಸ್ಟ್ರು ಅಂತಲೇ ಕರೆಯುತ್ತಿದ್ದೆವು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ತೂಕಡಿಸುತ್ತಾ ಬಂದು ಕೂತ ಹುಡುಗರಿಗೆ ಅಕ್ಷರ ಕಲಿಸಿದವರು ಅವರು. ಜೆಟ್ಟಿಯ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, "ಕೊಡಿ ನೋಡುವ" ಅಂತ ಕೈ ಚಾಚಿದರು. ನಾನು ಹಿಂಜರಿದೆ. "ಹಕ್ಕಿ ಬಂದಿಲ್ಲ ಮಾಸ್ಟ್ರೆ" ಅಂದೆ. "ಹಕ್ಕಿ ಬೇಡ, ಅಲ್ಲಿ ಇಡೀ ಉಂಟು" ಅಂತ ಕೆಸರಿನ ಕಡೆ ತೋರಿಸಿದರು. ಕನ್ನಡಕ ಹಣೆಗೆ ಏರಿಸಿ, ಬಿಸಿಲಿಗೆ ಅಂಗೈ ಅಡ್ಡ ಹಿಡಿದು, ಒಂದೊಂದೇ ಫೋಟೋ ಸರಿಸುತ್ತಾ ಹೋದರು. ನಲವತ್ತಕ್ಕೂ ಜಾಸ್ತಿ ಇದ್ದವು. ಒಂದನ್ನೂ ಬಿಡಲಿಲ್ಲ. ನಡುವೆ ಹಿಂದೆ ಹೋಗಿ ಮತ್ತೆ ನೋಡಿದರು. ಅಷ್ಟು ಹೊತ್ತು ಮಾತಿಲ್ಲ. ಕೊನೆಗೆ, "ಎಲ್ಲ ಬೆನ್ನೇ ಉಂಟಲ್ಲ ಮಾರಾಯ್ರೆ!" ಅಂದರು.

ತಿರುಗಿ ನೋಡಿದೆ. ಹೌದು. ಸಾಲಾಗಿ ನಿಂತು ಹಕ್ಕಿ ನೋಡುತ್ತಿದ್ದವರ ಬೆನ್ನು. ಮಗುವನ್ನು ಎತ್ತಿಕೊಂಡ ಅಪ್ಪನ ಬೆನ್ನು, ಅದರ ಮೇಲೆ ಮಗುವಿನ ಎರಡು ಕೈ. ದೋಣಿಗೆ ಬಣ್ಣ ಬಳಿಯುತ್ತಿದ್ದವನ ಬೆವರಿಗೆ ಅಂಟಿದ ಬನಿಯನ್ನು. ಹಿಂದಿನ ದಿನ ಸ್ಟೇಷನ್ನಿನಲ್ಲಿ ತೆಗೆದವೂ ಅದರಲ್ಲಿದ್ದವು. ಅಬ್ಬಲಿಗೆ ಮುಡಿದ ಜಡೆ, ಬ್ಲೌಸಿನ ಹಿಂದೆ ಬಿಚ್ಚಿಹೋದ ದಾರ, ಹೆಗಲ ಮೇಲೆ ಬ್ಯಾಗಿನ ಪಟ್ಟಿ ಒತ್ತಿದ ಗೆರೆ. ಒಂದು ಮುಖವೂ ಇರಲಿಲ್ಲ. ನಾನು ಬೆನ್ನುಗಳ ಫೋಟೋ ತೆಗೆಯುವವಳು ಅಂತ ಆ ಗಳಿಗೆಯವರೆಗೆ ನನಗೆ ಗೊತ್ತೇ ಇರಲಿಲ್ಲ.

"ಯಾಕೆ?" ಅಂತ ಕೇಳಿದರು. ಯೋಚನೆ ಮಾಡಿದೆ. ಈ ಊರಿಗೆ ಬಂದ ಮೊದಲ ವರ್ಷಗಳಲ್ಲಿ ಮರಾಠಿ ಬರುತ್ತಿರಲಿಲ್ಲ, ಹಿಂದಿ ತಡವರಿಸುತ್ತಿತ್ತು. ಲೇಡಿಸ್ ಡಬ್ಬಿಯಲ್ಲಿ ಯಾರ ಮುಖ ನೋಡಿದರೂ ಅವರು ಏನಾದರೂ ಕೇಳಿಬಿಡುತ್ತಾರೆ ಅಂತ ಹೆದರಿಕೆ. ಅದಕ್ಕೇ ಮುಂದೆ ನಿಂತವರ ಬೆನ್ನು ನೋಡುತ್ತಾ ವಿಟಿ ಸ್ಟೇಷನ್ನಿನವರೆಗೆ ಬರುತ್ತಿದ್ದೆ. ಬೆನ್ನು ಏನೂ ಕೇಳುವುದಿಲ್ಲ. ಇದನ್ನು ಮಾಸ್ಟ್ರಿಗೆ ಹೇಳಿದೆ. ಗಂಡನಿಗೂ ಹೇಳಿರದ ಮಾತು. ಮಾಸ್ಟ್ರು ಕ್ಯಾಮೆರಾ ವಾಪಸು ಕೊಟ್ಟು, ಎದ್ದು ನಿಂತು, ಉಳಿದವರನ್ನು ಕರೆದು, "ಇವರು ಬೆನ್ನಿನ ಫೋಟೋ ತೆಗೆಯುವವರು. ಬನ್ನಿ, ನೋಡಿ" ಅಂದರು. ಗುಂಪಿಗೆ ನನ್ನ ಪರಿಚಯ ಆಗಿದ್ದು ಹಾಗೆ. ಅದಕ್ಕಿಂತ ಎರಡು ಗಂಟೆ ಮೊದಲು ನಾನೇ ಹೇಳಿಕೊಂಡದ್ದು ಯಾರಿಗೂ ನೆನಪಿರಲಿಲ್ಲ.

ನಾನು ಇವತ್ತಿಗೂ ಫೋಟೋ ತೆಗೆಯುತ್ತಿರುವುದು ಆ ಒಂದು ಮಾತಿನಿಂದ. ಆಮೇಲೆ ಮುಖಗಳನ್ನೂ ತೆಗೆದೆ, ಫೋರ್ಟಿನ ಅಂಗಡಿಗೆ ಹೋಗಿ ಒಳ್ಳೆಯ ಕ್ಯಾಮೆರಾವನ್ನೂ ಕೊಂಡೆ. ಮಾಸ್ಟ್ರು ಈಗ ಊರಿಗೆ ಹೋಗಿ ನೆಲೆಸಿದ್ದಾರೆ. ಅವರು ನನಗೆ ಮಾಡಿದ್ದನ್ನು ದಾದರಿನಲ್ಲಿ ನಾನು ಆ ಹುಡುಗನಿಗೆ ಮಾಡಲಿಲ್ಲ. ನನ್ನನ್ನು ಕಾಡಿದ್ದು ಇದೇ.

ಯಜಮಾನರ ಹೆಸರು

ಅವತ್ತು "ಸುಮ್ನೆ ಜೊತೆಗೆ ಬಂದಿದ್ದು" ಅಂದ ಹೆಂಗಸಿನ ಬಗ್ಗೆಯೂ ಹೇಳಬೇಕು. ಅವರ ಮಾತು ಕೇಳಿದಾಗ ಹೋಮಾಯಿ ವ್ಯಾರಾವಾಲಾ ನೆನಪಾದರು. 1913ರಲ್ಲಿ ನವಸಾರಿಯಲ್ಲಿ ಹುಟ್ಟಿ, ಇಲ್ಲಿ ಜೆ.ಜೆ. ಕಲಾ ಶಾಲೆಯಲ್ಲಿ ಓದಿದವರು. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಶುರುವಿನಲ್ಲಿ ಅವರು ತೆಗೆದ ಫೋಟೋಗಳು ಅಚ್ಚಾಗುತ್ತಿದ್ದದ್ದು ಗಂಡ ಮಾಣೆಕ್‌ಶಾ ಅವರ ಹೆಸರಿನಲ್ಲಿ. ಆಮೇಲೆ ದೆಹಲಿಗೆ ಹೋಗಿ, ಸ್ವಾತಂತ್ರ್ಯ ಬಂದ ದಿನಗಳನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದರು. ಡಾಲ್ಡಾ 13 ಅಂತ ಅವರಿಗೊಂದು ಅಡ್ಡಹೆಸರೂ ಇತ್ತು, ಕಾರಿನ ನಂಬರಿನಿಂದ ಬಂದದ್ದು. ಪದ್ಮವಿಭೂಷಣ ಸಿಕ್ಕಿದ್ದು 2011ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ. ಅಂಥವರ ಮೊದಲ ಫೋಟೋಗಳ ಕೆಳಗೇ ಅವರ ಹೆಸರಿರಲಿಲ್ಲ. ನಮ್ಮ ಗುಂಪಿನ ಆ ಹೆಂಗಸಿಗೆ ನಾನು ಇದನ್ನು ಹೇಳಿದ್ದು ಮುಂದಿನ ಸಲ ಸಿಕ್ಕಾಗ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಯಜಮಾನರ ಬ್ಯಾಗಿನಿಂದ ಎರಡನೇ ಕ್ಯಾಮೆರಾ ತೆಗೆದು ಕೊರಳಿಗೆ ಹಾಕಿಕೊಂಡರು.

ದಾರ ಕಟ್ಟಿದ ಕಣ್ಣು

ಹುಡುಗ ಮತ್ತೆ ಬಂದದ್ದು ಫೆಬ್ರವರಿಯಲ್ಲಿ, ಅದೂ ಶಿವ್ಡಿಗೇ. ಅವನಿಗೆ ಹಾರ್ಬರ್ ಲೈನಿನಲ್ಲಿ ಒಂದೇ ಗಾಡಿ. ನೋಡಿದ ತಕ್ಷಣ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಹೋಗಿ ಕೈಯನ್ನೇ ಹಿಡಿದುಕೊಂಡೆ. "ಅವತ್ತು ನಿನ್ನ ಫೋಟೋ ನೋಡಲೇ ಇಲ್ಲ ತಮ್ಮ. ಇವತ್ತು ತೋರಿಸು" ಅಂದೆ. "ಅಯ್ಯ, ಏನದಾವ ಅಕ್ಕಾರ ಅದರಾಗ" ಅಂದ. ಆದರೂ ಲಾಕ್ ತೆಗೆದು ಕೊಟ್ಟ. ಗಾಜು ಒಂದು ಮೂಲೆಯಲ್ಲಿ ಒಡೆದಿತ್ತು.

ಮಾಸ್ಟ್ರ ಹಾಗೆ ಕಟ್ಟೆಯ ಮೇಲೆ ಕೂತು ನೋಡುತ್ತಾ ಹೋದೆ. ಅವಸರ ಮಾಡಲಿಲ್ಲ. ಹೂವಿನ ಮಾರ್ಕೆಟ್ಟಿನ ಫೋಟೋಗಳಿದ್ದವು. ನಾವೆಲ್ಲ ಹೂವು ತೆಗೆದಿದ್ದೆವು, ಇವನು ಗೋಣಿಚೀಲದ ಮೇಲೆ ಸಾಲಾಗಿ ಹಾಸಿದ ಮಾವಿನೆಲೆಯ ಕಟ್ಟುಗಳನ್ನು ತೆಗೆದಿದ್ದ. ಮೇಲಿಂದ ನೇರವಾಗಿ. ಆಮೇಲೆ ಅವನ ಕೆಲಸದ ಜಾಗ. ಕಿಟಕಿ ಕೂರಿಸದ ಕೋಣೆಗಳು. ಒಂದೇ ಕೋಣೆ, ಬೇರೆ ಬೇರೆ ಹೊತ್ತು. ಬೆಳಗಿನ ಬಿಸಿಲು ಗೋಡೆಯ ಬುಡದಲ್ಲಿ ಒಂದು ಪಟ್ಟಿ. ಮಧ್ಯಾಹ್ನ ಅದೇ ಪಟ್ಟಿ ನೆಲದ ನಡುವೆ. ಸಂಜೆ ಅರ್ಧ ಹಾಸಿದ ಟೈಲ್ಸಿನ ಮೇಲೆ ಮಾತ್ರ ಬೆಳಕು, ಉಳಿದ ಅರ್ಧ ಸಿಮೆಂಟು ಕಪ್ಪು. ಒಂದರಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದ ದಾರ ಇತ್ತು. ದಾರಕ್ಕಿಂತ ಅದರ ನೆರಳು ದಪ್ಪ.

ಇಪ್ಪತ್ತು ಮೂವತ್ತು ನೋಡಿದ ಮೇಲೆ ಏನೋ ಬೇರೆ ಅನ್ನಿಸಲು ಶುರುವಾಯಿತು. ಏನು ಅಂತ ತಿಳಿಯಲು ಇನ್ನೂ ಹತ್ತು ಬೇಕಾಯಿತು. ಒಂದೂ ಓರೆ ಇರಲಿಲ್ಲ. ನಾವು ಹನ್ನೆರಡು ವರ್ಷ ಕ್ಯಾಮೆರಾ ಹಿಡಿದವರೂ ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಗೆರೆ ಎಳೆದು ಸಮುದ್ರವನ್ನು ನೆಟ್ಟಗೆ ಮಾಡುತ್ತೇವೆ. ಇವನ ಬಾಗಿಲು ನೆಟ್ಟಗೆ, ನೆಲ ನೆಟ್ಟಗೆ, ಓಡುವ ಗಾಡಿಯಿಂದ ತೆಗೆದ ವಾಶಿ ಖಾಡಿಯ ನೀರೂ ನೆಟ್ಟಗೆ.

"ನಿಂದು ಒಂದು ಫೋಟೋನೂ ಓರೆ ಇಲ್ಲ ಕಣೋ" ಅಂದೆ.

ಅವನಿಗೆ ಆಶ್ಚರ್ಯ ಆಯಿತು. ನನ್ನ ಕೈಯಿಂದ ಮೊಬೈಲು ತಗೊಂಡು ತಾನೂ ನೋಡಿದ. "ಟೈಲ್ಸ್ ಹಾಕೂ ಕಣ್ಣರಿ ಅದು" ಅಂದ. "ನಮ್ಮ ಮೇಸ್ತ್ರಿ ಮೊದಲ ಒಂದು ವರ್ಷ ನನಗ ಟೈಲ್ಸ್ ಮುಟ್ಟಾಕ ಕೊಡಲಿಲ್ರಿ. ದಾರ ಹಿಡಿ, ಲೆವೆಲ್ ಪೈಪ್ ಹಿಡಿ, ಬರೇ ಅಷ್ಟ. ಈಗ ಎಲ್ಲೆ ಹೋದ್ರೂ ಓರಿ ಕಂಡ್ರ ಕಣ್ಣಾಗ ಚುಚ್ಚತದರಿ." ಆಮೇಲೆ ತಾನಾಗಿಯೇ ಮಾತಾಡಿದ. ಅವನು ಹಾಸಿದ ಮನೆಗಳೊಳಗೆ ಕೆಲಸ ಮುಗಿದ ಮೇಲೆ ಅವನನ್ನು ಬಿಡುವುದಿಲ್ಲ. ಬಾಗಿಲು ಕೂರಿಸಿ ಬೀಗ ಹಾಕುತ್ತಾರೆ. ಅದಕ್ಕೇ ಕೊನೆಯ ಟೈಲ್ಸು ಹಾಕುವ ಮೊದಲು ಬೆಳಕು ಬಿದ್ದಾಗಲೆಲ್ಲ ಒಂದೊಂದು ಫೋಟೋ ತೆಗೆದಿಟ್ಟುಕೊಳ್ಳುತ್ತಾನೆ. ಯಾರಿಗೂ ತೋರಿಸಿರಲಿಲ್ಲ. ಇಂಡಿಯಲ್ಲಿರುವ ಅವ್ವನಿಗೆ ಕಳಿಸಿದರೆ, "ಮಂದಿ ಇಲ್ಲದ ಮನಿ ಫೋಟೋ ಯಾಕ ಕಳಸ್ತಿ, ನಿನ್ನ ಮಾರಿ ತೋರಸು" ಅನ್ನುತ್ತಾಳಂತೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಅವತ್ತು ಅವನ ಮೊಬೈಲಿಗೆ ಫ್ಲೆಮಿಂಗೊ ದಕ್ಕಲಿಲ್ಲ. ದೂರದ ಹಕ್ಕಿಗೆ ಉದ್ದ ಲೆನ್ಸೇ ಬೇಕು. ನಮ್ಮವರೊಬ್ಬರು ಟ್ರೈಪಾಡಿಗೆ ಹಾಕಿದ್ದ ದೊಡ್ಡ ಲೆನ್ಸಿನಲ್ಲಿ ಅವನಿಗೆ ತೋರಿಸಿದರು. ಸಣ್ಣ ಜಾತಿಯ ಫ್ಲೆಮಿಂಗೊದ ಕಡುಗೆಂಪು ಕೊಕ್ಕು ಅದರಲ್ಲಿ ಸ್ಪಷ್ಟ ಕಾಣುತ್ತಿತ್ತು. ಅವನು ಎಷ್ಟೋ ಹೊತ್ತು ಕಣ್ಣು ತೆಗೆಯಲಿಲ್ಲ. ಬಿಟ್ಟು ಬಂದ ಮೇಲೆ ಮೊದಲು ಮಾಡಿದ ಕೆಲಸ ಅಂದರೆ, ಟ್ರೈಪಾಡಿನ ಒಂದು ಕಾಲು ಕಲ್ಲಿನ ಸಂದಿಗೆ ಇಳಿದಿದ್ದನ್ನು ನೋಡಿ, ಬಗ್ಗಿ ಸರಿಮಾಡಿದ್ದು.

ಆ ದಿನ ಚಹಾದ ಹೊತ್ತಿಗೆ ಅವನ ಮೊಬೈಲು ಎಲ್ಲರ ಕೈಗೂ ಹೋಯಿತು. ದಾದರಿನಲ್ಲಿ ಹೆಗಲು ತಟ್ಟಿದವರೇ ಅದನ್ನು ಎಲ್ಲರಿಗಿಂತ ಜಾಸ್ತಿ ಹೊತ್ತು ಹಿಡಿದುಕೊಂಡಿದ್ದರು. ದಾರದ ನೆರಳಿನ ಫೋಟೋವನ್ನು ತಮಗೆ ಕಳಿಸು ಅಂತ ಕೇಳಿ ಇಸಕೊಂಡರು.

ಬಾಣಗಂಗೆ

ಈಗ ನಮ್ಮಲ್ಲಿ ಗುಂಡಗೆ ನಿಂತು ಹೇಳಿಕೊಳ್ಳುವುದನ್ನು ಬಿಟ್ಟಿದ್ದೇವೆ. ಬರೆದಿಟ್ಟ ನಿಯಮ ಏನಿಲ್ಲ. ಹೊಸಬರು ಬಂದರೆ ಹೆಸರು ಕೇಳಿ, ಜೊತೆಗೆ ಕರಕೊಂಡು ಹೋಗುತ್ತೇವೆ. ಚಹಾಕ್ಕೆ ಕೂತಾಗ ಯಾರಾದರೂ ಒಬ್ಬರು ಅವರ ಫೋಟೋಗಳನ್ನು ಪೂರ್ತಿ ನೋಡುತ್ತಾರೆ. ಹಳೆಯವನ್ನೂ ನೋಡುತ್ತಾರೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಕೆಲವರಿಗೆ ಇದು ಸರಿ ಬಂದಿಲ್ಲ, ಸುತ್ತಾಟದ ಸಮಯ ಕಮ್ಮಿ ಆಯಿತು ಅಂತಾರೆ. ಆಗಲಿ. ನನಗೆ ಆ ಸಮಯ ಹೋದದ್ದಕ್ಕೆ ಬೇಜಾರಿಲ್ಲ.

ಹೋದ ತಿಂಗಳು ವಾಲ್ಕೇಶ್ವರದ ಬಾಣಗಂಗೆಗೆ ಹೋಗಿದ್ದೆವು. ಕೆರೆಯ ಮೆಟ್ಟಿಲ ಮೇಲೆ ಬಿಸಿಲು ಇಳಿಯುತ್ತಿತ್ತು, ಬಾತುಕೋಳಿಗಳು ನೀರಿನ ಅಂಚಿಗೆ ಬಂದಿದ್ದವು. ಸಾಂತಾಕ್ರೂಜ್‌ನ ಒಬ್ಬರು ಹೊಸದಾಗಿ ಬಂದಿದ್ದರು. ನರ್ಸ್ ಆಗಿ ಕೆಲಸ ಮಾಡಿ ರಿಟೈರ್ ಆದವರು, ಅರವತ್ತು ದಾಟಿದೆ. "ನಂದೇನಿಲ್ಲಪ್ಪ, ಬರೀ ಮೊಮ್ಮಕ್ಕಳ ಫೋಟೋ" ಅಂತ ಮೊಬೈಲನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಹುಡುಗ ಅವರಿಗಿಂತ ಎರಡು ಮೆಟ್ಟಿಲು ಕೆಳಗೆ ಕೂತಿದ್ದ. "ಮೊಮ್ಮಕ್ಕಳನ್ನ ತೋರಸ್ರಿ ಅಮ್ಮಾರ" ಅಂತ ಕೈ ಚಾಚಿದ.

ನಾನು ಚಹಾ ಹಿಡಿದು ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದೆ. ಅವನ ಹೆಬ್ಬೆರಳು ನಿಧಾನ ಸರಿಯುತ್ತಿತ್ತು. ಮೊಮ್ಮಗಳ ಹುಟ್ಟುಹಬ್ಬ, ಕೇಕು, ಚಾಳಿನ ಉದ್ದ ಪಡಸಾಲೆಯಲ್ಲಿ ಸೈಕಲ್ ಹೊಡೆಯುವ ಮಗು. ನಿಂತ. ಹಿಂದೆ ಹೋದ. ಮತ್ತೆ ಮುಂದೆ ಬಂದ. ಅವನ ಪಕ್ಕ ಇಟ್ಟ ಚಹಾದ ಮೇಲೆ ಕೆನೆ ಕಟ್ಟಿತ್ತು.

"ಅಮ್ಮಾರ, ಎಲ್ಲಾ ಫೋಟೋದಾಗೂ ಹಿಂದ ಈ ಹಸಿರು ಬಾಗಲಾ ಅದರಿ. ಯಾವಾಗ್ಲೂ ಅರ್ಧಾನ ತೆರದದ. ಯಾರ ಮನೀರಿ ಇದು?"

ಅವರು ಕನ್ನಡಕ ಹಾಕಿಕೊಂಡು ಮೊಬೈಲನ್ನು ಹತ್ತಿರ ಹಿಡಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಮೆಟ್ಟಿಲು ಕೆಳಗೆ ಸರಿದು ಅವನ ಪಕ್ಕ ಕೂತು, "ಅದಾ, ಅದು ನನ್ನ ಜೊತೆ ನೈಟ್ ಡ್ಯೂಟಿ ಮಾಡ್ತಿದ್ದವಳ ಮನೆ ಕಣಪ್ಪ" ಅಂತ ಶುರು ಮಾಡಿದರು.